ಹಳದಿ ಡಬ್ಬಿಯ ಕಂಟ್ರೋಲು

೪ ಡಿಸೆಂಬರ್ ೨೦೦೬, ಸೋಮವಾರ

ನನಗೆ ಬರೆಯುವ ಚಟವಿಲ್ಲ. ಇದು ರಿಪೇರಿಗೆ ಬಂದ ಸೆಟ್ಟುಗಳ ದೋಷ ಬರೆದಿಡುವ ಪುಸ್ತಕ. ಹಿಂದಿನ ಹಾಳೆಗಳು ಖಾಲಿ ಇದ್ದವು. ದಿನಕ್ಕೆ ಒಮ್ಮೆಯಾದರೂ ಯಾರೊಡನಾದರೂ ಜಗಳವಾಡದಿದ್ದರೆ ನನಗೆ ಉಂಡ ಅನ್ನ ಕರಗುವುದಿಲ್ಲ. ಇಪ್ಪತ್ತೇಳು ವರ್ಷ ಆ ಜಗಳಕ್ಕೆ ಸರಿಜೋಡಿಯಾಗಿದ್ದವಳು ನನ್ನ ಹೆಂಡತಿ ನೀಲಗಂಗಮ್ಮ. ಅವಳಿಗೆ ಮಾತು ನಿಂತು ಒಂದೂವರೆ ತಿಂಗಳಾಯಿತು. ಇನ್ನು ಈ ಪುಸ್ತಕವೇ ಗತಿ.

ದೀಪಾವಳಿಯ ಹಿಂದಿನ ದಿನ. ಅಂಗಡಿಯಲ್ಲೇ ಒಂದು ಟೇಪ್‌ರೆಕಾರ್ಡರಿಗೆ ಬೆಸುಗೆ ಹಾಕುತ್ತ ಕುಳಿತಿದ್ದಳು. ಕಾದ ಕಡ್ಡಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೋ ಎಂದೆ. ಎತ್ತಲಿಲ್ಲ. ಚಾಪೆ ಸುಡುತ್ತೈತಿ, ಎತ್ತಿಕೊಳ್ಳೇ ಎಂದು ಕೂಗಿದೆ. ಆಮೇಲೆ ತಲೆ ಎತ್ತಿ ನೋಡಿದರೆ ಬಾಯಿ ಒಂದು ಕಡೆಗೆ ಎಳೆದಿತ್ತು. ಮೊದಲು ಕೂಗಿ ಆಮೇಲೆ ನೋಡಿದೆ, ಅದನ್ನೂ ಬರೆದಿಡುತ್ತೇನೆ.

ಲಕ್ವ ಹೊಡೆದು ಬಲಗೈ ಬಿದ್ದಿದೆ. ಕಾಲು ಅಷ್ಟಿಷ್ಟು ಎಳೆಯುತ್ತದೆ, ಆದರೆ ನಡೆಯುತ್ತಾಳೆ. ಮಾತಿನಲ್ಲಿ ಉಳಿದಿರುವುದು ‘ಇದು’ ಒಂದೇ. ನೀರಿಗೂ ಇದು, ಹಸಿವಿಗೂ ಇದು, ನನಗೂ ಇದು. ಯಾರಾದರೂ ಬಂದು ಹೇಗಿದ್ದೀ ಎಂದು ಕೇಳಿದರೆ ಅವಳು ಬಾಯಿ ತೆರೆಯುವಷ್ಟರಲ್ಲಿ ನಾನೇ ಉತ್ತರ ಹೇಳಿ ಕಳಿಸುತ್ತೇನೆ. ಬಂದವರಿಗೂ ಕೆಲಸವಿರುತ್ತದೆ, ನನಗೂ ಇರುತ್ತದೆ.

ಆಸ್ಪತ್ರೆಯಿಂದ ವಾರಕ್ಕೆರಡು ಸಲ ವ್ಯಾಯಾಮ ಹೇಳಿಕೊಡಲು ತುಳಸಿ ಎಂಬ ಹುಡುಗಿ ಬರುತ್ತಾಳೆ. ದರೋಜಿ ಕಡೆಯವಳು, ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. “ಮೊದಲ ಆರು ತಿಂಗಳಾಗ ಬಂದಿದ್ದು ಬಂತ್ರೀ. ಆಮ್ಯಾಲ ಭಾಳ ಕಷ್ಟ. ದಿನಕ್ಕ ಇನ್ನೂರು ಸಲ ಮುಂಗೈ ತಿರುಗಬೇಕು” ಎಂದು ಹೇಳಿ, ತಿರುಗಿಸಲು ಒಂದು ಬಾಟಲಿಯ ಮುಚ್ಚಳ ಕೊಟ್ಟು ಹೋದಳು. ನೀಲಾ ಎರಡು ದಿನ ತಿರುಗಿಸಿದಳು. ಮೂರನೆಯ ದಿನ ಎಡಗೈಯಿಂದ ಬಾಟಲಿಯನ್ನು ರಸ್ತೆಗೆ ಎಸೆದಳು. ಅದಿರಿನ ಲಾರಿ ಅದರ ಮೇಲೆ ಹೋಯಿತು. ಬಾಟಲಿ ಹೋದದ್ದಕ್ಕೆ ಲಾರಿಯವನನ್ನು ಬೈದೆ, ಎಸೆದದ್ದಕ್ಕೆ ಇವಳನ್ನು ಬೈದೆ.

೭ ಡಿಸೆಂಬರ್

ಈ ಧೂಳಿಗೆ ಕೊನೆಯೇ ಇಲ್ಲವೇ? ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ ಹತ್ತು ಗಂಟೆಗೆ ಬೆರಳಿನಿಂದ ಹೆಸರು ಬರೆಯಬಹುದು. ಸಂಡೂರಿನ ಗುಡ್ಡ ದಿನಾ ಅದಿರಿನ ಲಾರಿಯಲ್ಲಿ ನನ್ನ ಅಂಗಡಿಯ ಮುಂದೆ ಹಾದು ಬಂದರಿಗೆ ಹೋಗುತ್ತದೆ, ಅಲ್ಲಿಂದ ಹಡಗು ಹತ್ತಿ ಚೀನಾಕ್ಕೆ. ಹೋಗುವಾಗ ಸುಮ್ಮನೆ ಹೋಗುವುದಿಲ್ಲ, ಸ್ವಲ್ಪ ನನ್ನ ಊಟದ ತಟ್ಟೆಗೆ ಬಿದ್ದು ಹೋಗುತ್ತದೆ. ಮುಂದೆ ಅಂಗಡಿ, ಹಿಂದೆ ಮನೆ. ಬಾಗಿಲು ಹಾಕಿದರೆ ಗಿರಾಕಿ ಬರುವುದಿಲ್ಲ, ತೆರೆದರೆ ಗುಡ್ಡ ಬರುತ್ತದೆ. ನೀಲಾಳ ತಮ್ಮ, ನನ್ನ ಮೈದುನ ಕೊಟ್ರಯ್ಯನವೂ ಎರಡು ಲಾರಿ ಇವೆ. ಕಂಪ್ಲಿಯಲ್ಲಿ ಅಪ್ಪ ಬಿಟ್ಟುಹೋದ ಅಕ್ಕಿ ಗಿರಣಿ ಸಾಲದಾಯಿತು ಅವನಿಗೆ.

ಇಷ್ಟು ಬೈದ ಮೇಲೆ ಒಂದು ಉಪಯೋಗದ ಮಾತು. ಬಾಟಲಿಗೆ ಬದಲು ಏನು ಕೊಡಲಿ ಎಂದು ಹುಡುಕುತ್ತ ಅಟ್ಟ ಹತ್ತಿದೆ. ಅಲ್ಲಿ ಆ ಕಪ್ಪು ಪೆಟ್ಟಿಗೆ ಸಿಕ್ಕಿತು. ೧೯೮೫ರಲ್ಲಿ ಗಣಿಯ ಎಂಜಿನಿಯರ್ ಒಬ್ಬ ತಂದು, “ಕುವೈತಿನಿಂದ ಬಂದದ್ದು, ಟಿವಿಯಲ್ಲಿ ಆಡುವ ಆಟ, ನೋಡಿಡಿ” ಎಂದು ಕೊಟ್ಟು ಹೋಗಿದ್ದ. ವರ್ಗವಾಯಿತೋ ಏನೋ, ಮತ್ತೆ ಬರಲಿಲ್ಲ. ಗುಜರಿಗೆ ಹಾಕುತ್ತೇನೆಂದು ನಾನು ಹತ್ತು ಸಲ ಹೇಳಿದ್ದೆ. ಗಿರಾಕಿಯ ಮಾಲು, ಇರಲಿ ಎಂದು ನೀಲಾ ಹತ್ತು ಸಲ ತಡೆದಿದ್ದಳು. ಅದಕ್ಕೆ ಕೈಯಲ್ಲಿ ಹಿಡಿಯುವ ಎರಡು ಚಿಕ್ಕ ಡಬ್ಬಿಗಳಿವೆ. ಒಂದೊಂದರಲ್ಲಿ ಒಂದು ಗುಂಡಿ, ಒಂದು ತಿರುಗಿಸುವ ನಾಬ್. ಅಷ್ಟೇ. ಪರದೆಯ ಕೆಳಗೊಂದು ಬ್ಯಾಟು, ಮೇಲೆ ಬಣ್ಣದ ಇಟ್ಟಿಗೆ ಗೋಡೆ, ನಡುವೆ ಚೆಂಡು. ನಾಬ್ ತಿರುಗಿಸಿದತ್ತ ಬ್ಯಾಟು ಹೋಗಬೇಕು, ಚೆಂಡು ಪುಟಿದು ಇಟ್ಟಿಗೆ ಒಡೆಯಬೇಕು.

ಮುಂಗೈ ತಿರುಗಿಸಲು ಇದಕ್ಕಿಂತ ಬೇರೆ ಔಷಧ ಬೇಕೇ?

೮ ಡಿಸೆಂಬರ್

ಪೆಟ್ಟಿಗೆ ಒಂದೇ ಏಟಿಗೆ ಹತ್ತಿಕೊಂಡಿತು. ಇಪ್ಪತ್ತೊಂದು ವರ್ಷ ಅಟ್ಟದ ಮೇಲಿದ್ದದ್ದು! ಈಗಿನ ಮಾಲು ಇಪ್ಪತ್ತೊಂದು ದಿನ ಬಾಳುವುದಿಲ್ಲ. ಆದರೆ ಬ್ಯಾಟು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ನಾಬಿನ ಡಬ್ಬಿ ಬಿಚ್ಚಿದೆ. ಒಳಗೆ ಕುಂಕುಮದ ಭರಣಿ ಮಗುಚಿದಂತೆ ಕೆಂಪು ಧೂಳು. ನಾಬ್ ತಿರುಗಿಸಿದಂತೆ ಕರೆಂಟನ್ನು ಹೆಚ್ಚು ಕಡಿಮೆ ಬಿಡುವ ಬಿಡಿಭಾಗಕ್ಕೆ ನಾವು ಕಂಟ್ರೋಲು ಎನ್ನುತ್ತೇವೆ, ಅದರ ಮೈ ಪೂರಾ ಸವೆದಿತ್ತು. ಎರಡನೆಯದರದ್ದೂ ಅದೇ ಹಣೆಬರಹ.

ಕಂಟ್ರೋಲು ಬದಲಿಸುವುದು ನನಗೆ ಎಡಗೈ ಕೆಲಸ. ಬೆಂಚಿನ ಮೇಲಿದ್ದ ನೀಲಿ ಡಬ್ಬಿಯಿಂದ ಹಳೆ ರೇಡಿಯೋದ, ಅದೇ ಒಂದು ಮೆಗಾಮ್ ಅಳತೆಯ ಕಂಟ್ರೋಲು ತೆಗೆದು ಹಾಕಿದೆ. ವಾಲ್ವ್ ರೇಡಿಯೋದ ದೊಡ್ಡ ನಾಬ್ ಒಂದಿತ್ತು, ಅದು ಅದರ ಕಡ್ಡಿಗೆ ಸರಿಯಾಗಿ ಕೂತಿತು. ಸೋತ ಬೆರಳಿಗೆ ಹಿಡಿಯಲು ಸಲೀಸು. ನಾಬಿನ ಡಬ್ಬಿಯನ್ನು ಒಂದು ಮಣೆಗೆ ಸ್ಕ್ರೂ ಹಾಕಿ ಬಿಗಿದೆ. ನಮ್ಮ ಪದ್ಧತಿಯಂತೆ ಈ ಕೊನೆಯಿಂದ ಆ ಕೊನೆಗೆ ಒಮ್ಮೆ ರಪ್ಪನೆ ತಿರುಗಿಸಿ ನೋಡಿದೆ. ಬ್ಯಾಟು ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ನಡುಕವಿಲ್ಲ. ಪಾಸ್.

೯ ಡಿಸೆಂಬರ್

ಮಣೆಯನ್ನು ನೀಲಾಳ ತೊಡೆಯ ಮೇಲಿಟ್ಟೆ. ನೀಲಾ ಬಲಗೈಯನ್ನು ಎಡಗೈಯಿಂದ ಎತ್ತಿ ನಾಬಿನ ಮೇಲಿಟ್ಟುಕೊಂಡಳು. ನಲವತ್ತು ನಿಮಿಷ ಕೂತಳು. ನಲವತ್ತು ನಿಮಿಷ! ಬಾಟಲಿಯ ಮುಚ್ಚಳದ ಜೊತೆ ನಾಲ್ಕು ನಿಮಿಷ ಕೂತವಳಲ್ಲ.

ಆದರೆ ಬ್ಯಾಟು ಎಡಗೋಡೆಯ ಹತ್ತಿರವೇ ನಿಂತಿರುತ್ತದೆ, ನಿಂತಿರುತ್ತದೆ, ಆಮೇಲೆ ಹಗ್ಗ ಬಿಚ್ಚಿದ ಕರುವಿನಂತೆ ಬಲಗೋಡೆಗೆ ನುಗ್ಗುತ್ತದೆ. ಚೆಂಡು ನಡುವೆ ಬೀಳುತ್ತದೆ, ಬ್ಯಾಟು ಎರಡು ಕಡೆಯೂ ಇರುತ್ತದೆ, ನಡುವೆ ಮಾತ್ರ ಇರುವುದಿಲ್ಲ. ಮೊದಲ ದಿನ, ಇರಲಿ. ದಿನಾ ಎಷ್ಟು ತಿರುಗಿಸಿದಳೆಂದು ಪುಸ್ತಕದಲ್ಲಿ ಬರೆಯುತ್ತ ಹೋಗುತ್ತೇನೆ. ಇವತ್ತು: ಮೊದಲರ್ಧ ತಿರುಗಿಲ್ಲ. ಆಮೇಲೆ ಎಳೆತ.

೧೪ ಡಿಸೆಂಬರ್

ಮೊದಲರ್ಧ ಇಲ್ಲ. ಆಮೇಲೆ ಎಳೆತ. ನಿನ್ನೆಯೂ ಅದೇ, ಮೊನ್ನೆಯೂ ಅದೇ.

೨೦ ಡಿಸೆಂಬರ್, ಎಳ್ಳಮಾವಾಸ್ಯೆ

ಹಬ್ಬದ ದಿನ ನಾಲಿಗೆಯ ಮೇಲೆ ಕೆಟ್ಟ ಮಾತು ಬರಬಾರದು ಎನ್ನುತ್ತಾರೆ. ಹಾಗೆ ಹೇಳಿದವರು ತುಳಸಿಯನ್ನು ನೋಡಿಲ್ಲ.

ಬಂದವಳು ನೀಲಾಳ ಮೊಣಕೈ ಹಿಡಿದು ಮುಂಗೈ ತಿರುಗಿಸಲು ಹೇಳಿದಳು, ಅದೇನೋ ಅಳತೆ ಹಿಡಿದಳು. ನಾನು ನನ್ನ ಪುಸ್ತಕ ತೋರಿಸಿದೆ. ಓದಿ ಹುಬ್ಬು ಗಂಟು ಹಾಕಿದಳು.

“ಹಂಗ್ಯಾಕ್ರಿ? ನಾ ಹಿಡದು ನೋಡಿದ್ರ ಅಮ್ಮಾರ ಕೈ ನಿಧಾನಕ್ಕ ಪೂರಾ ತಿರುಗ್ತೈತಿ. ನಿಮ್ಮ ಪೆಟ್ಟಿಗೀನ ಒಮ್ಮೆ ನೋಡ್ರಿ.”

ನನ್ನ ಪೆಟ್ಟಿಗೆ! ಮೂವತ್ತು ವರ್ಷ ನಾನು ರಿಪೇರಿ ಮಾಡಿದ ಸೆಟ್ಟುಗಳನ್ನು ಸಾಲಾಗಿ ಇಟ್ಟರೆ ಹೊಸಪೇಟೆಯಿಂದ ಕಮಲಾಪುರ ಮುಟ್ಟುತ್ತವೆ. ಈ ಹುಡುಗಿ ಹುಟ್ಟುವ ಮೊದಲು ಅವಳೂರಿನ ಪಂಚಾಯಿತಿ ರೇಡಿಯೋ ಸರಿಮಾಡಿ ಕೊಟ್ಟವನು ನಾನು. “ನೀ ಕೈ ನೋಡವ್ವ, ಪೆಟ್ಟಿಗಿ ನಾ ನೋಡ್ಕೋತೀನಿ” ಎಂದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ನೀಲಾ “ಇದು, ಇದು” ಎನ್ನುತ್ತ ಎಡಗೈಯಲ್ಲಿ ಬೆಂಚಿನ ಕಡೆ ತೋರಿಸಿದಳು. ನೀರು ಕೊಟ್ಟೆ. ಕುಡಿಯಲಿಲ್ಲ.

೨೮ ಡಿಸೆಂಬರ್

ಸರಿ, ಪೆಟ್ಟಿಗೆಯನ್ನೂ ನೋಡಿದೆ, ಯಾರೂ ಬಾಯಿ ಮಾಡಬಾರದೆಂದು. ಕೆಪಾಸಿಟರ್ ಬದಲಿಸಿದೆ. ವೋಲ್ಟೇಜ್ ಕಡಿಮೆ ಇರಬಹುದೆಂದು ಸ್ಟೆಬಿಲೈಜರ್ ಹಾಕಿದೆ. ಟಿವಿಯನ್ನೇ ಬದಲಿಸಿದೆ. ನಾಬಿನ ಸುತ್ತ ಧೂಳು ಹೋಗದಂತೆ ಹಳೆ ಟ್ಯೂಬಿನ ರಬ್ಬರು ಕತ್ತರಿಸಿ ಅಂಟಿಸಿದೆ. ಬ್ಯಾಟು ಅಲ್ಲೇ ನಿಲ್ಲುತ್ತದೆ, ಅಲ್ಲಿಂದಲೇ ನುಗ್ಗುತ್ತದೆ. ಇನ್ನೇನು ಉಳಿಯಿತು? ಕೈ ಒಂದೇ.

ನೀಲಾ ಮನಸ್ಸಿಟ್ಟು ತಿರುಗಿಸುತ್ತಿಲ್ಲ. ಎದುರಿಗೆ ಕೂತು ಪರದೆ ನೋಡುತ್ತಲೇ ಹೇಳುತ್ತೇನೆ: ತಿರುಗಿಸು, ಇನ್ನೂ ತಿರುಗಿಸು, ಯಾಕ ನಿಲ್ಲಿಸಿದಿ. ಅವಳು ನಾಬ್ ಬಿಟ್ಟು ಬೆಂಚಿನ ಕಡೆ ಕೈ ತೋರಿಸುತ್ತಾಳೆ. ತಪ್ಪಿಸಿಕೊಳ್ಳಲು ಒಂದು ನೆಪ. ಶಾಲೆಯ ಹುಡುಗರು ನೀರು ಕುಡಿಯಲು ಹೋಗುವುದಿಲ್ಲವೇ, ಹಾಗೆ.

೫ ಜನವರಿ ೨೦೦೭

ಇವತ್ತಿನದು ಬರೆಯಬಾರದು ಎಂದುಕೊಂಡೆ.

ನಾನು ಗಿರಾಕಿಯೊಡನೆ ಮಾತಾಡುತ್ತಿದ್ದಾಗ ನೀಲಾ ಎದ್ದು ಬೆಂಚಿನ ಹತ್ತಿರ ಹೋಗಿ, ಹಿಂದಿನ ಸಾಲಿನ ಹಳದಿ ಬಿಸ್ಕತ್ ಡಬ್ಬಿಯನ್ನು ಎಳೆದಳು. ಎಡಗೈ, ಹಿಡಿತವಿಲ್ಲ, ಡಬ್ಬಿ ಮಗುಚಿತು. ಕಂಟ್ರೋಲುಗಳೆಲ್ಲ ನೆಲದ ತುಂಬ ಉರುಳಿದವು, ಒಂದೆರಡು ರಸ್ತೆಯವರೆಗೂ ಹೋದವು. ಅವಳು ಅದರಲ್ಲೊಂದನ್ನು ಹೆಕ್ಕಿ ನನ್ನ ಎದೆಗೆ ಒತ್ತಿ “ಇದು” ಎಂದಳು. “ಇದು! ಇದು!”

ತಿಂಗಳಿನಿಂದ ತಡೆದಿದ್ದದ್ದು ಒಮ್ಮೆಲೇ ಬಂದುಬಿಟ್ಟಿತು. “ನಿಂದು ಕೈ ಅಲ್ಲಲೇ ಸತ್ತಿದ್ದು, ಬುದ್ಧಿ ಸತ್ತೈತಿ” ಎಂದೆ. ಗಿರಾಕಿಯ ಮುಂದೆ. ಪಕ್ಕದ ಹೂವಿನ ಅಂಗಡಿಯ ಹುಸೇನಮ್ಮ ಮಾಲೆ ಕಟ್ಟುವುದು ಬಿಟ್ಟು ನಮ್ಮ ಬಾಗಿಲಿಗೆ ಬಂದು ನಿಂತಳು.

“ಅಣ್ಣಾ, ಆಕಿ ಏನೋ ಹೇಳಾಕ ಬಂದಾಳ. ಒಂದೀಟು ಕೇಳಬಾರದಾ?”

ನಿನ್ನ ಹೂವು ನೋಡ್ಕೋ ಎಂದೆ. ಕಂಟ್ರೋಲುಗಳನ್ನು ಗುಡಿಸಿ ಡಬ್ಬಿಗೆ ತುಂಬಿ, ಡಬ್ಬಿಯನ್ನು ಅಟ್ಟದ ಮೇಲೆ, ಅವಳಿಗೆ ಎಟುಕದಲ್ಲಿ ಇಟ್ಟೆ.

ನೀಲಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

೭ ಜನವರಿ, ಭಾನುವಾರ

ಕಂಪ್ಲಿಯಿಂದ ಕೊಟ್ರಯ್ಯ ಬಂದ. ಹುಸೇನಮ್ಮನೇ ಫೋನು ಮಾಡಿರಬೇಕು. ಹೊಸ ಜೀಪು, ಬಿಳಿ ಅಂಗಿ, ಹಣೆಗೆ ಅಡ್ಡ ವಿಭೂತಿ. ಅಕ್ಕನ ಪಕ್ಕದಲ್ಲಿ ಕೂತು ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

“ಮಾವ, ಸಿಟ್ಟಾಗಬ್ಯಾಡ್ರಿ. ಅಕ್ಕನ್ನ ಕರಕೊಂಡು ಹೋಗ್ತೀನಿ. ಅಲ್ಲಿ ನಮ್ಮ ಮನ್ಯಾಗ ನೋಡ್ಕೊಳ್ಳಾಕ ನಾಕು ಮಂದಿ ಅದಾರ.”

“ಇಲ್ಲೇನು ನಾ ಸತ್ತೀನೇನು?”

“ನೀವು ಅದೀರಿ. ಬಾಯಿನೂ ಐತಿ ನಿಮಗ. ಕೈ ಏನಾದ್ರೂ ಸುಧಾರಿಸೈತೇನು, ಅದನ್ನ ಹೇಳ್ರಿ.”

ಸುಳ್ಳು ಹೇಳುವವನಲ್ಲ ನಾನು. ಪುಸ್ತಕ ತೋರಿಸಿದೆ. ಒಂದು ತಿಂಗಳ ಲೆಕ್ಕ: ಅರ್ಧ ಇಲ್ಲ, ಎಳೆತ, ಅರ್ಧ ಇಲ್ಲ, ಎಳೆತ. ಅವನು ಹಾಳೆ ತಿರುವಿ ತಿರುವಿ ನೋಡಿ ನನಗೆ ವಾಪಸು ಕೊಟ್ಟ. “ಶಿವರಾತ್ರಿ ಮುಗಿದ ಮರುದಿನ ಬರ್ತೀನಿ. ಆಗೂ ಹಿಂಗ ಇದ್ರ, ಅಕ್ಕ ನನ್ನ ಕೂಡ ಬರ್ತಾಳ. ತಿರುಗಿ ಕಳಸ್ತೀನಿ ಅಂತ ಮಾತು ಕೊಡಂಗಿಲ್ಲ.”

ನೋಡಿದಿರಾ ದರ್ಪ! ಊರಿಗೆಲ್ಲ ಧೂಳು ಕುಡಿಸುವವನು ನನಗೆ ಆರೈಕೆ ಹೇಳಿಕೊಡಲು ಬಂದ. ನಿನ್ನ ಅಕ್ಕ ಎಲ್ಲಿಗೂ ಬರುವುದಿಲ್ಲ ಎಂದೆ. ಅವಳ ಮುಖ ನೋಡಿ ಹೇಳಲಿಲ್ಲ.

೧೬ ಜನವರಿ

ಸಂಕ್ರಾಂತಿ ಹೀಗೇ ಹೋಯಿತು. ಹುಸೇನಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಆದರೆ ದಿನಾ ಬೆಳಿಗ್ಗೆ ಒಂದು ಮೊಳ ಹೂವು ಬಾಗಿಲಿಗೆ ಸಿಕ್ಕಿಸಿ ಹೋಗುತ್ತಾಳೆ. ಜಡೆಗೆ ಮುಡಿಸಬೇಕಲ್ಲ, ಜಡೆ ಹೆಣೆಯುವುದು ಟ್ರಾನ್ಸ್‌ಫಾರ್ಮರ್ ಸುತ್ತುವುದಕ್ಕಿಂತ ಕಷ್ಟ. ಮೂರೆಳೆಯಲ್ಲಿ ಒಂದು ಯಾವಾಗಲೂ ಕೈ ತಪ್ಪುತ್ತದೆ. ಇವತ್ತು ನಾಲ್ಕನೇ ಸಲಕ್ಕೆ ನಿಂತಿತು.

ನೀಲಾ ಈಗಲೂ ದಿನಾ ಆಡುತ್ತಾಳೆ. ನನಗೆ ನೋಡಲು ಬೇಜಾರು. ಪುಸ್ತಕದಲ್ಲಿ ಬರೆಯುವುದು ಬಿಟ್ಟಿದ್ದೇನೆ.

೨೪ ಜನವರಿ

ತಪ್ಪು ಹಿಡಿಯಲೇಬೇಕೆಂದು ಪೆಟ್ಟಿಗೆ, ಮಣೆ, ನಾಬ್ ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಪಾಲಿಟೆಕ್ನಿಕ್ಕಿಗೆ ಹೋದೆ. ಅಲ್ಲಿನ ಲ್ಯಾಬಿನಲ್ಲಿರುವ ಮನೋಹರ್ ಒಂದು ಕಾಲಕ್ಕೆ ನನ್ನ ಬೆಂಚಿನಲ್ಲಿ ಕೆಲಸ ಕಲಿತವನು. ಅವನ ಹತ್ತಿರ ಸ್ಕೋಪ್ ಇದೆ, ಕರೆಂಟಿನ ನಡಿಗೆಯನ್ನು ಗೆರೆಯಾಗಿ ತೋರಿಸುವ ಯಂತ್ರ. ನಾನು ಹೋದದ್ದು ಪೆಟ್ಟಿಗೆಯಲ್ಲಿ ದೋಷವಿಲ್ಲ ಎಂದು ಅವನಿಂದ ಹೇಳಿಸಿಕೊಂಡು ಬಂದು ತುಳಸಿಯ ಮುಖಕ್ಕೆ ಹಿಡಿಯಲಿಕ್ಕೆ.

ತಂತಿ ಸಿಕ್ಕಿಸಿ ಅವನು ಗೆರೆ ನೋಡಿದ.

“ಸರ್, ಈ ಪೆಟ್ಟಿಗಿಗೆ ನಾಬ್ ಎಲ್ಲೈತಿ ಅಂತ ಕಾಣಂಗಿಲ್ರಿ. ಒಳಗಿನ ಕೆಪಾಸಿಟರ್ ಖಾಲಿ ಮಾಡಿ ಬಿಡ್ತೈತಿ. ನಿಮ್ಮ ಕಂಟ್ರೋಲಿನ ಮುಖಾಂತರ ಅದು ಮತ್ತ ತುಂಬಕೋತ ಹೋಗ್ತೈತಿ. ಟಿವಿ ಒಂದೊಂದು ಗೆರಿ ಎಳಿಯೋವಾಗೂ ‘ತುಂಬಿತೇನು? ತುಂಬಿತೇನು?’ ಅಂತ ಕೇಳ್ತೈತಿ. ಎಷ್ಟನೇ ಗೆರಿಗೆ ತುಂಬಿತು, ಅಷ್ಟರ ಮ್ಯಾಲ ಬ್ಯಾಟು ಎಲ್ಲಿ ಅಂತ ತಿಳಕೋತೈತಿ.”

ಕೆಪಾಸಿಟರ್ ಕೊಡವಾದರೆ ಕಂಟ್ರೋಲು ನಲ್ಲಿ: ಸಣ್ಣಗೆ ಬಿಟ್ಟರೆ ಕೊಡ ತಡವಾಗಿ ತುಂಬುತ್ತದೆ, ಜೋರಾಗಿ ಬಿಟ್ಟರೆ ಬೇಗ. ಅಷ್ಟೇ ವಿದ್ಯೆ. ಕೊಡ ತುಂಬುವವರೆಗೆ ಯಂತ್ರ ಗೆರೆ ಎಣಿಸುತ್ತ ಕಾಯುತ್ತದೆ. ಸೆಕೆಂಡಿಗೆ ಐವತ್ತು ಸಲ ಖಾಲಿ ಮಾಡಿ ಐವತ್ತು ಸಲ ಕಾಯುತ್ತದಂತೆ. ಯಂತ್ರಕ್ಕೇನು, ಬೇರೆ ಕೆಲಸವಿಲ್ಲ.

ಆಮೇಲೆ ಮನೋಹರ್ ನಾಬನ್ನು ಮೆಲ್ಲಗೆ, ಒಂದೊಂದು ಕೂದಲೆಳೆಯಷ್ಟು ತಿರುಗಿಸಿದ. ನಾನು ಯಾವತ್ತೂ ಹಾಗೆ ತಿರುಗಿಸಿ ನೋಡಿರಲಿಲ್ಲ. ಅರ್ಧ ತಿರುಗಿಸಿದರೂ ಮೂವತ್ತು ಗೆರೆ ದಾಟಲಿಲ್ಲ. ಉಳಿದ ಅರ್ಧದಲ್ಲಿ ಇನ್ನೂರು ಗೆರೆ ಒಟ್ಟಿಗೆ ಹಾರಿದವು.

“ಸರ್...” ಎಂದ ಅವನು. ಹೇಳಲು ಹೆದರುತ್ತಿದ್ದ. “ಇದು ರೇಡಿಯೋದ ವಾಲ್ಯೂಮ್ ಅಲ್ಲೇನ್ರಿ?”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ವಾಲ್ಯೂಮಿನ ಕಂಟ್ರೋಲು ಸಮನಾಗಿ ಹೆಚ್ಚುವುದಿಲ್ಲ. ನಮ್ಮ ಕಿವಿಗೆ ಹಿತವಾಗಲೆಂದು ಮೊದಲು ಬಹಳ ನಿಧಾನ, ಕೊನೆಗೆ ಒಮ್ಮೆಲೇ ಏರುವ ಹಾಗೆ ಮಾಡಿರುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಈ ಮನೋಹರನಿಗೆ ಇದನ್ನು ಹೇಳಿಕೊಟ್ಟವನೇ ನಾನು. ಆದರೆ ನನ್ನ ಕೈಗೆ ನಾಬ್ ಎಂದರೆ ರೇಡಿಯೋ, ರೇಡಿಯೋ ಎಂದರೆ ವಾಲ್ಯೂಮ್. ಕೊನೆಯಿಂದ ಕೊನೆಗೆ ರಪ್ಪನೆ ತಿರುಗಿಸಿ ಪಾಸ್ ಮಾಡಿದೆ. ಕೊನೆ ಎರಡೂ ಸರಿಯಿದ್ದವು. ನಡುವಿನದನ್ನು ನೋಡಿದವರು ಯಾರು?

ನೀಲಾಳ ಕೈ ಒಂದೂವರೆ ತಿಂಗಳು ನಡುವಿನಲ್ಲೇ ಇತ್ತು. ಮೆಲ್ಲಗೆ, ಸಮನಾಗಿ, ಅವಳು ತಿರುಗಿಸುತ್ತಲೇ ಇದ್ದಳು. ನಾನು ಪರದೆ ನೋಡುತ್ತಿದ್ದೆ, ಕೈ ನೋಡಲಿಲ್ಲ. ಅವಳು ತಿರುಗಿಸಿದ್ದಕ್ಕೆಲ್ಲ ನಾನು ಪುಸ್ತಕದಲ್ಲಿ ‘ಇಲ್ಲ’ ಎಂದು ಬರೆದೆ.

ಮನೋಹರ್ ಚಹಾ ತರಿಸುತ್ತೇನೆಂದ. ಬೇಡವೆಂದು ಎದ್ದು ಬಂದೆ.

ಅದೇ ದಿನ, ಸಂಜೆ

ಸಮನಾಗಿ ಏರುವ ಕಂಟ್ರೋಲು ಎಲ್ಲಿದೆಯೆಂದು ಇಡೀ ಅಂಗಡಿ ಹುಡುಕಿದೆ. ಕೊನೆಗೆ ಅಟ್ಟ ಹತ್ತಿದೆ. ಹಳದಿ ಡಬ್ಬಿ. ನಾನು ಎತ್ತಿಟ್ಟ ಡಬ್ಬಿ. ಮುಚ್ಚಳದ ಮೇಲೆ ಹತ್ತು ವರ್ಷದ ಹಿಂದೆ ನೀಲಾ ಅಂಟಿಸಿದ ಚೀಟಿ, ಅವಳದೇ ದುಂಡು ಅಕ್ಷರ: “ಸಮ. ರೇಡಿಯೋಕ್ಕೆ ಅಲ್ಲ.” ಕೆಳಗೆ ಗೆರೆ ಎಳೆದಿದ್ದಾಳೆ, ನನ್ನ ಸ್ವಭಾವ ಗೊತ್ತಿದ್ದು.

ಅವಳು ನನ್ನ ಎದೆಗೆ ಒತ್ತಿದ್ದು ಇದನ್ನೇ.

೨೫ ಜನವರಿ

ಬದಲಿಸಿದೆ. ಕೊನೆಯಿಂದ ಕೊನೆಗೆ ತಿರುಗಿಸಿ ನೋಡಲಿಲ್ಲ; ಒಂದೊಂದು ಕೂದಲೆಳೆಯಷ್ಟು, ನಡುವಿನ ಪ್ರತಿ ಜಾಗವನ್ನೂ ನೋಡಿದೆ. ಒಂದು ಗಂಟೆ ಹಿಡಿಯಿತು.

ಮಣೆಯನ್ನು ಅವಳ ತೊಡೆಯ ಮೇಲಿಟ್ಟು ಈ ಸಲ ಪರದೆಗೆ ಬೆನ್ನು ಹಾಕಿ ಕೂತೆ. ಕೈ ನೋಡಿದೆ. ಬೆರಳು ನಡುಗುತ್ತವೆ, ಆದರೆ ಮುಂಗೈ ತಿರುಗುತ್ತದೆ. ಎಡದಿಂದ ನಡುವಿಗೆ, ನಡುವಿನಿಂದ ಬಲಕ್ಕೆ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಬೆನ್ನ ಹಿಂದೆ ಇಟ್ಟಿಗೆಗಳು ಒಡೆಯುವ ಸದ್ದು: ಟಕ್, ಟಕ್, ಟಕ್. ಎಷ್ಟು ಒಡೆದವೋ ಎಣಿಸಲಿಲ್ಲ.

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಆಟ ನಿಲ್ಲಿಸಿ, ನಾಬ್ ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಅಂಥ ಸಿಟ್ಟನ್ನು ನಾನು ಇಪ್ಪತ್ತೇಳು ವರ್ಷದಲ್ಲಿ ಕಂಡಿರಲಿಲ್ಲ. ಮಣೆಯನ್ನು ಎಡಗೈಯಿಂದ ನೂಕಿ ಗೋಡೆಯ ಕಡೆ ತಿರುಗಿ ಮಲಗಿದಳು.

“ತಪ್ಪಾತು ನೀಲಾ” ಎಂದೆ. ಗೋಡೆಗೆ ಹೇಳಿದ ಹಾಗಾಯಿತು.

೨೮ ಜನವರಿ

ಮೂರು ದಿನ ಮುಟ್ಟಿಲ್ಲ. ಬೈಯಲಾರದವಳ ಸಿಟ್ಟು ಬೈಯುವವರದ್ದಕ್ಕಿಂತ ಕೆಟ್ಟದ್ದು. ನಾನಾಗಿದ್ದರೆ ಹಾಳು ಪೆಟ್ಟಿಗೆಯನ್ನು ರಸ್ತೆಗೆ ಎಸೆಯುತ್ತಿದ್ದೆ. ಅವಳಿಗೆ ಆ ಹಕ್ಕಿದೆ, ಎಸೆದರೂ ಏನೂ ಅನ್ನುವುದಿಲ್ಲ ಎಂದು ಬಾಗಿಲು ತೆರೆದೇ ಇಟ್ಟಿದ್ದೇನೆ. ಧೂಳು ಬರುತ್ತಿದೆ, ಬರಲಿ.

೨೯ ಜನವರಿ

ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದೆ. ಒಳಗಿನಿಂದ ಟಕ್ ಎಂದಿತು. ಆಮೇಲೆ ಟಕ್, ಟಕ್. ಕೈ ಒರೆಸಿಕೊಂಡು ಹೋಗಲಿಲ್ಲ. ಪಾತ್ರೆಗಳನ್ನು ಇನ್ನೊಮ್ಮೆ ತೊಳೆದೆ.

೨ ಫೆಬ್ರವರಿ

ತುಳಸಿ ಬಂದಿದ್ದಳು. ಪೆಟ್ಟಿಗೆಯದೇ ದೋಷ ಎಂದು ಹೇಳಿದೆ. ಹಲ್ಲು ಕಿರಿಯುತ್ತಾಳೆ ಎಂದುಕೊಂಡಿದ್ದೆ, ಕಿರಿಯಲಿಲ್ಲ. “ಇನ್ನ ಕೇಳೋದು ಸ್ವಲ್ಪ ನಿಧಾನ ಮಾಡ್ರಿ. ಅಮ್ಮಾರಿಗೆ ಮಾತು ಒಳಗ ಐತಿ, ಬರಾಕ ಹೊತ್ತು ಬೇಕು. ನೀವು ನಡುವ ಬಾಯಿ ಹಾಕಿದ್ರ ಮೊದಲಿಂದ ಸುರು ಆಗ್ತೈತಿ” ಎಂದಳು.

ಅಂದರೆ ತುಂಬುತ್ತಿರುವ ಕೊಡವನ್ನು ನಾನು ಪ್ರತಿ ಸಲ ಚೆಲ್ಲುತ್ತಿದ್ದೆ. ಇದನ್ನು ಡಿಸೆಂಬರಿನಲ್ಲೇ ಹೇಳಬಾರದಿತ್ತೇ ಈ ಹುಡುಗಿ? ಹೇಳಿದ್ದಳೇನೋ. ನಾನು ಪೆಟ್ಟಿಗೆ ನೋಡುತ್ತಿದ್ದೆ.

೯ ಫೆಬ್ರವರಿ

ಬೆಳಿಗ್ಗೆ ಕೇಳಿದೆ: “ರೊಟ್ಟಿಯೋ, ಮಂಡಕ್ಕಿಯೋ?” ಆಮೇಲೆ ಬಾಯಿ ಮುಚ್ಚಿ ಎಣಿಸುತ್ತ ನಿಂತೆ. ಒಂದು, ಎರಡು. ನಲವತ್ತಕ್ಕೆ ನನ್ನ ಬಾಯಿ ತಾನೇ ತೆರೆಯಲು ನೋಡಿತು, ತುಟಿ ಕಚ್ಚಿದೆ. ತೊಂಬತ್ತಕ್ಕೆ ರಸ್ತೆಯಲ್ಲಿ ಲಾರಿಯವನು ಹಾರ್ನ್ ಹೊಡೆದ, ಅವನ ವಂಶವನ್ನು ಮನಸ್ಸಿನಲ್ಲೇ ಬೈದೆ. ನೂರ ಹತ್ತಕ್ಕೆ ಬಂತು.

“ಮಂಡಕ್ಕಿ.”

ಒಂದೇ ಮಾತು, ‘ಇದು’ ಅಲ್ಲದ್ದು. ಮಂಡಕ್ಕಿಗೆ ಒಗ್ಗರಣೆ ಹಾಕುವಾಗ ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬಂತು. ಘಾಟಿಗೇ.

೧೬ ಫೆಬ್ರವರಿ, ಶಿವರಾತ್ರಿ

ಉಪವಾಸ. ನಾಳೆ ಕೊಟ್ರಯ್ಯ ಬರುತ್ತಾನೆ. ನೀಲಾಳ ಸೀರೆಗಳನ್ನು ಮಡಿಸಿ ಚೀಲದ ಪಕ್ಕದಲ್ಲಿ ಇಟ್ಟಿದ್ದೇನೆ, ಒಳಗೆ ಹಾಕಿಲ್ಲ. ಅವಳು ಹೋಗುತ್ತೇನೆ ಎಂದರೆ ತಡೆಯಲು ನನಗೆ ಯಾವ ಮುಖವಿದೆ? ಆಡಿದ ಮಾತು ಆಡಿದ್ದೇ. ಆದರೂ ಕೊಟ್ರಯ್ಯನ ಮೇಲೆ ಸಿಟ್ಟು ಬರುತ್ತದೆ. ಬರದಿದ್ದರೆ ನಾನು ಶಂಭುಲಿಂಗನೇ ಅಲ್ಲ.

೧೭ ಫೆಬ್ರವರಿ, ಶನಿವಾರ

ಹತ್ತು ಗಂಟೆಗೆ ಜೀಪು ನಿಂತಿತು. ಕೊಟ್ರಯ್ಯ ಒಳಗೆ ಬಂದು ಮಡಿಸಿದ ಸೀರೆ ನೋಡಿದ, ಚೀಲ ನೋಡಿದ.

“ಕುಂದ್ರು” ಎಂದೆ. ಅವನು ಕೂರುವ ಮೊದಲೇ ಪುಸ್ತಕ ಅವನ ಕೈಗೆ ಕೊಟ್ಟೆ. “ನಿನಗ ಅವತ್ತು ತೋರಿಸಿದ್ದೆಲ್ಲ ಸುಳ್ಳು. ಅಕ್ಕನ ಕೈ ತಿರುಗ್ತಿತ್ತು. ನಾ ಹಾಕಿದ ಕಂಟ್ರೋಲು ತಪ್ಪಿತ್ತು. ಆಕಿ ವಾರಗಟ್ಲೆ ಅದನ್ನ ಹೇಳಿದ್ಲು. ನಾ ಕೇಳಲಿಲ್ಲ, ಬೈದೆ.”

“ವಾರಗಟ್ಲೆ?” ಅವನ ಮುಖ ಕೆಂಪಾಯಿತು. “ಮೂವತ್ತು ವರ್ಷದ ಮೆಕ್ಯಾನಿಕ್ ಅಂತೀರಿ, ಮಾವ!”

ಅನ್ನಲಿ. ನಾನೇ ಅದನ್ನು ಇದಕ್ಕಿಂತ ಕೆಟ್ಟ ಮಾತಿನಲ್ಲಿ ಅಂದುಕೊಂಡಿದ್ದೇನೆ. ಅವನು ಅಕ್ಕನ ಕಡೆ ತಿರುಗಿದ. “ಅಕ್ಕಾ, ನೀ ಹೇಳು. ಕಂಪ್ಲಿಗೆ ಹೋಗೋಣೇನು?”

ಇಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಎಣಿಸತೊಡಗಿದೆ. ಐವತ್ತು. ನೂರು. ಕೊಟ್ರಯ್ಯ ಮತ್ತೆ ಬಾಯಿ ತೆರೆದ. “ತಡಿ, ಆಕಿ ಹೇಳ್ತಾಳ” ಎಂದೆ. ನೂರೈವತ್ತಾಯಿತು. ಅವಳು ಎದ್ದಳು. ಕಾಲೆಳೆಯುತ್ತ ಸೀರೆಗಳನ್ನು ದಾಟಿದಳು, ಚೀಲವನ್ನು ದಾಟಿದಳು, ಅಡುಗೆಮನೆಗೆ ಹೋದಳು.

ನಾನು ಕೂತಲ್ಲಿಂದಲೇ ನೋಡಿದೆ. ಬಲಗೈಯನ್ನು ಗ್ಯಾಸ್ ಒಲೆಯ ನಾಬಿನ ಮೇಲಿಟ್ಟಳು. ಎಡಗೈಯಲ್ಲಿ ಲೈಟರು. ಒತ್ತಿ ತಿರುಗಿಸಿದಳು. ಮೊದಲ ಸಲ ಬೆರಳು ಜಾರಿತು. ನಾನು ಎದ್ದೆ, ಮತ್ತೆ ಕೂತೆ. ಎರಡನೆಯ ಸಲ ಒಲೆ ಹತ್ತಿತು. ದೀಪಾವಳಿಯಿಂದ ಇವತ್ತಿನವರೆಗೆ ಆ ಒಲೆಯನ್ನು ನಾನೊಬ್ಬನೇ ಹಚ್ಚಿದ್ದು.

ಚಹಾ ಆಗಲು ಇಪ್ಪತ್ತು ನಿಮಿಷ ಬೇಕಾಯಿತು. ಒಂದು ಕಪ್ಪು ತಂದು ತಮ್ಮನ ಮುಂದಿಟ್ಟಳು. ಹೋಗಿ ಇನ್ನೊಂದು ತಂದಳು. ನಾನು ಕೈ ಚಾಚಿದೆ. ಅವಳು ಅದನ್ನು ತನ್ನ ಮುಂದಿಟ್ಟುಕೊಂಡು ಕೂತು ಕುಡಿಯತೊಡಗಿದಳು.

“ಮಾವಗ?” ಎಂದ ಕೊಟ್ರಯ್ಯ.

ನೀಲಾ ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ತುಟಿ ಅಲುಗಿದವು. ನಾನು ಎಣಿಸುವುದನ್ನೂ ಮರೆತು ಕಾದೆ.

“ನೀವ... ಮಾಡ್ಕೊಳ್ರಿ.”

ಕೊಟ್ರಯ್ಯನಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಕೆಮ್ಮಿ, ಕಣ್ಣೊರೆಸಿಕೊಂಡು, ಕಪ್ಪು ಖಾಲಿ ಮಾಡಿ, ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿ ಒಬ್ಬನೇ ಹೊರಟ. ಬಾಗಿಲಲ್ಲಿ ನಿಂತು “ಬರ್ತೀನ್ರಿ ಮಾವ” ಎಂದ. ಅವನ ಜೀಪಿನ ಧೂಳು ಒಳಗೆ ಬಂತು.

ಇಪ್ಪತ್ತೇಳು ವರ್ಷದಲ್ಲಿ ನನಗೆ ಚಹಾ ಕೊಡದೆ ತಾನು ಕುಡಿದವಳಲ್ಲ! ಅದೂ ಮೈದುನನ ಎದುರಿಗೆ, ನಾನು ಕೈ ಚಾಚಿದಾಗ! ಇದನ್ನು ಯಾರ ಮುಂದೆ ಹೇಳಲಿ? ಉರಿಯುತ್ತಲೇ ಎದ್ದು ಅಡುಗೆಮನೆಗೆ ಹೋದೆ.

ಒಲೆ ಆರಿಸಿರಲಿಲ್ಲ. ಪಾತ್ರೆಯಲ್ಲಿ ಒಂದು ಲೋಟ ನೀರು ಇಟ್ಟು ಉರಿ ಸಣ್ಣಗೆ ಮಾಡಿ ಬಂದಿದ್ದಳು. ಬಗ್ಗಿ ನೋಡಿದೆ. ನಾಬ್ ಈ ಕೊನೆಗೂ ಇರಲಿಲ್ಲ, ಆ ಕೊನೆಗೂ ಇರಲಿಲ್ಲ. ಉರಿ ನೀಲಿಯಾಗಿ, ಸಮನಾಗಿ, ಎಷ್ಟು ಬೇಕೋ ಅಷ್ಟೇ ಇತ್ತು.

ಚಹಾಪುಡಿ ಎಲ್ಲಿದೆ ಎಂದು ಕೇಳಿದೆ. ಉತ್ತರ ಬರುವವರೆಗೆ ಅಲ್ಲೇ ನಿಂತಿದ್ದೆ.